ಮುತ್ತಜ್ಜ ಬೆಂಗಳೂರಿಗೆ ಬಂದದ್ದು ಯಾವ ಊರಿಂದ? ತಾಳೆಯಾಗದ ದಾಖಲೆಗಳಲ್ಲಿ ಹುಡುಕುವ ಬಗೆ

ಸೋದರತ್ತೆ ಸೇಲಂ ಅನ್ನುತ್ತಾರೆ, ದೊಡ್ಡಪ್ಪ ಕೋಲಾರ ಅನ್ನುತ್ತಾರೆ, ಟ್ರಂಕಿನಲ್ಲಿರುವ ಕ್ರಯಪತ್ರದಲ್ಲಿ ಮೂರನೆಯದೇ ಊರಿದೆ. ಯಾರ ಮಾತು ಸರಿ ಎಂದು ತೀರ್ಮಾನಿಸುವ ಮೊದಲು, ಮೂರೂ ಒಬ್ಬನೇ ಮನುಷ್ಯನ ಸಂಗತಿಯೇ ಎಂದು ನೋಡಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಇಬ್ಬರು ಮುನಿಸ್ವಾಮಿಗಳು ಬಾಯಿಮಾತಿನಲ್ಲಿ ಬೆರೆತುಹೋಗಿರುತ್ತಾರೆ. ಗೋಜಲಿಗೆ ಮುಖ್ಯ ಕಾರಣ ಇದೇ.

ಮೊದಲು ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ದಾಖಲೆ, ಅದನ್ನು ಬರೆದ ವರ್ಷ, ವಿವರ ಹೇಳಿದವರು, ತಂದೆಯ ಹೆಸರು. ಮುನುಸಾಮಿ, ಮುನಿಸಾಮಪ್ಪ ಎಂದೆಲ್ಲ ಇದ್ದರೆ ತಿದ್ದದೆ ಹಾಗೆಯೇ ಇಳಿಸಿಕೊಳ್ಳಿ. ಹಳೆಯ ಪತ್ರಗಳಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಹೆಸರು ಒಂದೇ ಇದ್ದು ‘ಬಿನ್’ ಮುಂದಿನ ಹೆಸರು ಬೇರೆಯಾದರೆ, ಇಬ್ಬರು ಎಂದೇ ಹಿಡಿದು ಮುಂದುವರಿಯಿರಿ.

ಆಮೇಲೆ ಇಸವಿ. ‘ಧಾತು ಈಶ್ವರದ ಬರದಲ್ಲಿ ಬಂದರು’ ಎಂದರೆ ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಬರ, 1876–78. ಪ್ಲೇಗು ಬಂದ ವಿಳಂಬಿ ಸಂವತ್ಸರ 1898–99. ಆದರೆ 60 ವರ್ಷಕ್ಕೆ ಅದೇ ಹೆಸರು ಮರಳುತ್ತದೆ, 1958–59 ಕೂಡ ವಿಳಂಬಿಯೇ. ಶಕ ವರ್ಷಕ್ಕೆ 78 ಕೂಡಿಸಿ. ಪುಷ್ಯ, ಮಾಘದ ತಿಥಿಯಾದರೆ ಸಾಮಾನ್ಯವಾಗಿ 79, ಏಕೆಂದರೆ ಅಷ್ಟರಲ್ಲಿ ಇಂಗ್ಲಿಷ್ ಹೊಸವರ್ಷ ಬಂದಿರುತ್ತದೆ. ಸೇಲಂ ಕಡೆಯ ಕಂದಾಯ ಕಾಗದದಲ್ಲಿ ಫಸಲಿ ವರ್ಷ (ಕಂದಾಯ ಲೆಕ್ಕದ ವರ್ಷ) ಇದ್ದರೆ 590 ಕೂಡಿಸಿ. ಅದು ಜುಲೈಗೆ ಶುರುವಾಗುತ್ತದೆ. ಶಾಲೆಯ ದಾಖಲೆಯ ಜೂನ್ 1ನ್ನು ಹುಟ್ಟಿದ ದಿನ ಎಂದು ನಂಬಬೇಡಿ. ತಾರೀಖು ಗೊತ್ತಿಲ್ಲದ ಎಷ್ಟೋ ಮಕ್ಕಳಿಗೆ ಮೇಷ್ಟ್ರು ಬರೆದುಕೊಂಡ ದಿನ ಅದು.

ಹೆಚ್ಚು ಹೊತ್ತು ಕೊಡಬೇಕಾದದ್ದು ನೋಂದಾಯಿತ ಕ್ರಯಪತ್ರಕ್ಕೆ. ‘ಹಾಲಿ ವಾಸ’ ಎಂಬ ಎರಡು ಪದ ಹುಡುಕಿ. ‘ಇಂಥ ಊರಿನವನು, ಹಾಲಿ ಬೆಂಗಳೂರು ಪೇಟೆಯಲ್ಲಿ ವಾಸ’ ಎಂದಿದ್ದರೆ ‘ಹಾಲಿ’ಗೆ ಹಿಂದಿನ ಊರೇ ನಿಮಗೆ ಬೇಕಾದದ್ದು. ಛಾಪಾ ಕಾಗದದ (ಸ್ಟಾಂಪ್ ಪೇಪರ್) ಹಿಂಬದಿ ತಿರುಗಿಸಿ: ಮಾರಿದ ತಾರೀಖು, ಕೊಂಡವರ ಹೆಸರು, ವಾಸ ಅಲ್ಲಿರುತ್ತವೆ. ಸಾಕ್ಷಿಗಳನ್ನೂ ಬರೆದುಕೊಳ್ಳಿ, ಅವರು ಅನೇಕ ಸಲ ನೆಂಟರೋ ಊರಿನವರೋ ಆಗಿರುತ್ತಾರೆ. ‘ಬಿಕ್ಕಲಂ’ ಎಂದಿರುವುದು ಪತ್ರ ಬರೆದವರ ಹೆಸರು, ಅವರನ್ನು ವಂಶವೃಕ್ಷಕ್ಕೆ ಸೇರಿಸಬೇಡಿ. ‘ವಯಸ್ಸು ಸುಮಾರು 40’ ಎಂದರೆ ಹತ್ತು ವರ್ಷ ಆಚೀಚೆ ಇಟ್ಟುಕೊಳ್ಳುವುದೇ ಕ್ಷೇಮ.

ಮೂಲ ಪತ್ರ ಕಳೆದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ದೃಢೀಕೃತ ನಕಲು ಪಡೆಯಬಹುದು. ಅಲ್ಲಿ ಹೆಸರಿನ ಸೂಚಿ ಬೇರೆ, ಸ್ವತ್ತಿನ ಸೂಚಿ ಬೇರೆ. ಕಾಗುಣಿತ ಬದಲಾಗಿ ಹೆಸರಿನಲ್ಲಿ ಸಿಗದಿದ್ದರೆ ಸ್ವತ್ತಿನ ಸೂಚಿಯಲ್ಲಿ ಹುಡುಕಿಸಿ, ಚೆಕ್ಕುಬಂದಿ (ಸ್ವತ್ತಿನ ನಾಲ್ಕು ದಿಕ್ಕಿನ ಗಡಿ) ಹಿಡಿದು ಪಕ್ಕದ ಮನೆಯ ಪತ್ರಗಳನ್ನೂ ನೋಡಿ.

ಬೆಂಗಳೂರಿಗೇ ಸೇರಿದ ಒಂದು ತೊಡಕಿದೆ. ಪೇಟೆ ಮೈಸೂರು ಸರ್ಕಾರದ್ದು. ದಂಡು (ಕಂಟೋನ್ಮೆಂಟ್) 1947ರ ಜುಲೈವರೆಗೆ ಬ್ರಿಟಿಷರ ಆಡಳಿತದಲ್ಲಿತ್ತು. ಎರಡರ ನಗರಸಭೆಗಳೂ ಬೇರೆ, ಹಾಗಾಗಿ ದಾಖಲೆಗಳೂ ಬೇರೆ. ನಗರಸಭೆಗಳು 1949ರಲ್ಲಿ ಒಂದಾದವು. ಮುತ್ತಜ್ಜ ಶಿವಾಜಿನಗರದಲ್ಲಿದ್ದರೆ ಆಗಿನ ಹೆಸರು ಬ್ಲ್ಯಾಕ್‌ಪಲ್ಲಿ ಎಂದೂ ಹುಡುಕಬೇಕು. ಕ್ರೈಸ್ತ ಕುಟುಂಬವಾದರೆ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರು ಮೊದಲು.

ಕಾಗದದಲ್ಲಿ ಊರು ಸಿಗದಿದ್ದರೆ ಮನೆದೇವರು ಯಾವುದು, ಮುಡಿ ಕೊಡುವುದು ಎಲ್ಲಿ ಎಂದು ಮನೆಯ ಹಿರಿಯ ಹೆಂಗಸರನ್ನು ಕೇಳಿ. ದೂರವಾಯಿತೆಂದು ಕೆಲವರು ಹತ್ತಿರದ ಗುಡಿಗೆ ನಡೆದುಕೊಳ್ಳತೊಡಗಿರುತ್ತಾರೆ, ಆದ್ದರಿಂದ ‘ಮೊದಲು ಎಲ್ಲಿಗೆ ಹೋಗುತ್ತಿದ್ದಿರಿ?’ ಎಂದೂ ಕೇಳಬೇಕು. ಕನ್ನಡ ನಾಡಿನ ಹಳ್ಳಿಯಿಂದ ಬಂದ ಒಕ್ಕಲು ಮನೆತನವಾದರೆ ಆ ಊರಿಗೆ ಬರುವ ಹೆಳವರನ್ನು, ಅಂದರೆ ಮನೆತನಗಳ ವಂಶಾವಳಿ ಓದಿ ಹೇಳುವವರನ್ನು ಕಾಣಿ. ಅವರ ಹೊತ್ತಿಗೆಯಲ್ಲಿ ತಲೆಮಾರುಗಳ ಹೆಸರಿರುತ್ತವೆ. ನಿಮ್ಮ ಹಾಳೆ ಮೊದಲೇ ತೋರಿಸಬೇಡಿ, ಅವರು ಓದಲಿ. ಹೆಸರು, ತಂದೆ, ಅಣ್ಣತಮ್ಮಂದಿರು ಮೂರೂ ತಾಳೆಯಾದರೆ ಮಾತ್ರ ವಂಶವೃಕ್ಷದಲ್ಲಿ ಗೆರೆ ಎಳೆಯಿರಿ. ಒಂದೇ ತಾಳೆಯಾದರೆ ಪೆನ್ಸಿಲಿನಲ್ಲೇ ಇರಲಿ.