ಒಂದೇ ಎ ಮೇಜರ್, ಗಾಂಧಾರದ ಜಾಗ ಮಾತ್ರ ಬೇರೆ ಬೇರೆ

ಈ ಮಳೆಗಾಲ ಪೂರ್ತಿ ಗಿಟಾರ್‌ನಲ್ಲಿ ಎ ಮೇಜರ್ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಒಂದನ್ನೇ ಹಿಡಿದು ಕೂತಿದ್ದೆ. ಮನೆಯವರಿಗೆ ತಲೆನೋವು, ನನಗೆ ಮಜಾ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಧಾರವಾಡದಲ್ಲಿ ಬೆಳೆದ ಕಿವಿ ನೋಡಿ, ಸಿ ಶಾರ್ಪ್ ಅಂತ ಪಾಶ್ಚಾತ್ಯ ಹೆಸರು ಹೇಳಿದರೆ ನನಗೆ ಏನೂ ಹೊಳೆಯುವುದಿಲ್ಲ. ಹಾಗಾಗಿ ಎ ಅನ್ನೇ ಸಾ ಮಾಡಿಕೊಂಡೆ. ಆಗ ಈ ಕಾರ್ಡ್ ಅಂದರೆ ಸಾ, ಗ, ಪ. ಅಷ್ಟೇ.

ಗಿಟಾರ್‌ನ ಅತಿ ತೆಳು ತಂತಿ ಒಂದನೆಯದು, ಅತಿ ದಪ್ಪದ್ದು ಆರನೆಯದು; ಫ್ರೆಟ್ ಅಂದರೆ ಕತ್ತಿನ ಮೇಲಿನ ಅಡ್ಡಪಟ್ಟಿ. ಐದನೇ ಮತ್ತು ಒಂದನೇ ತಂತಿ ತೆರೆದು ಬಿಟ್ಟು, ನಾಲ್ಕು, ಮೂರು, ಎರಡನೇ ತಂತಿಗಳನ್ನು 2ನೇ ಫ್ರೆಟ್‌ನಲ್ಲಿ ಒತ್ತಿದರೆ ಸಾ ಪ ಸಾ ಗ ಪ. ಇಲ್ಲಿಂದ ಒಂದೊಂದೇ ಬೆರಳು ಸರಿಸಿ ನೋಡಿದೆ. ಎರಡನೇ ತಂತಿ ತೆರೆದು ಬಿಟ್ಟರೆ ಗ ಹೋಗಿ ರಿ ಬರುತ್ತದೆ, ಅದೇ ಸಸ್ ಟೂ ಎನ್ನುವ ಕಾರ್ಡ್. 3ನೇ ಫ್ರೆಟ್‌ಗೆ ಒಯ್ದರೆ ಮ, ಸಸ್ ಫೋರ್. ಮೂರನೇ ತಂತಿ 1ನೇ ಫ್ರೆಟ್‌ಗೆ ಇಳಿದರೆ ಶುದ್ಧ ನಿ, ಪೂರ್ತಿ ತೆರೆದರೆ ಕೋಮಲ ನಿ.

ಅದೇ ಮೂರು ಸ್ವರಗಳ ಜಾಗ ಬದಲಿಸುವುದು ಇನ್ನೂ ರುಚಿ. ಆರನೇ ತಂತಿಯ 5ರಲ್ಲಿ ಸಾ, ಐದನೆಯದರ 4ರಲ್ಲಿ ಗ ಹಿಡಿದರೆ ಗಾಂಧಾರ ತೀರಾ ಕೆಳಗೆ ಬಂದು ಸದ್ದು ಗೊಜ್ಜಾಗುತ್ತದೆ. ನಾಲ್ಕನೇ ತಂತಿಯಿಂದ ಒಂದನೆಯದರವರೆಗೆ ಕ್ರಮವಾಗಿ 7, 9, 10, 9ನೇ ಫ್ರೆಟ್ ಹಿಡಿದರೆ ಅದೇ ಗ ಎಲ್ಲಕ್ಕಿಂತ ಮೇಲೆ ನಿಂತು ಹೊಳೆಯುತ್ತದೆ.

ತಂಬೂರಿ ಆಪ್ ಹಚ್ಚಿದಾಗ ಮಾತ್ರ ಒಂದು ತಕರಾರು ಎದ್ದಿತು. ಖರಜದ (ಕೆಳಗಿನ ಸಾ) ತಂತಿ ಮೀಟಿದರೆ ಅದರೊಳಗಿಂದಲೇ ಗಾಂಧಾರ ಕೇಳುತ್ತದೆ, ಅದು ಐದನೇ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಐದು ಪಟ್ಟು ವೇಗದಲ್ಲಿ ಕಂಪಿಸುವ ಒಳದನಿ. ಗಿಟಾರ್‌ನ ಫ್ರೆಟ್‌ಗಳು ಸಪ್ತಕವನ್ನು 12 ಸಮ ಭಾಗ ಮಾಡಿರುತ್ತವೆ, ಹಾಗಾಗಿ ಅದರ ಗ ಸುಮಾರು 14 ಸೆಂಟ್ (ಒಂದು ಫ್ರೆಟ್‌ನ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಏರಿರುತ್ತದೆ. ಎರಡೂ ಒಟ್ಟಿಗೆ ಕೇಳಿದರೆ ಕಿವಿಗೆ ಚುಚ್ಚುತ್ತದೆ. ಅದಕ್ಕೇ ತಂಬೂರಿ ಇದ್ದಾಗ ಮೊದಲ ಹಿಡಿತದಲ್ಲಿ ಗ ಇರುವ ಎರಡನೇ ತಂತಿಯನ್ನು ಸುಮ್ನೆ ಬೆರಳಿಂದ ಮುಚ್ಚಿಬಿಡುತ್ತೇನೆ. ಗ ಅನ್ನು ತಂಬೂರಿಯೇ ಹಾಡಿಕೊಳ್ಳಲಿ, ಅಲ್ವಾ?

ಇಷ್ಟರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ಐದನೇ ತಂತಿ ತೆರೆದಿರಲಿ. ಉಂಗುರದ ಬೆರಳು ನಾಲ್ಕನೇ ತಂತಿಯ 7ರಲ್ಲಿ, ನಡುಬೆರಳು ಮೂರನೆಯದರ 6ರಲ್ಲಿ, ತೋರುಬೆರಳು ಎರಡನೆಯದರ 5ರಲ್ಲಿ. ಮೊದಲನೇ ತಂತಿಯೂ ತೆರೆದಿರಲಿ. ಸಾ ಸಾ ಗ ಪ ಪ. ಕೊನೆಯ ಎರಡು ಪಂಚಮ ಒಂದೇ ಮಟ್ಟದವು, ತಂಬೂರಿಯ ಜೋಡಿ ತಂತಿಗಳಂತೆ. ಅವುಗಳ ಗುಂಗಿನಲ್ಲಿ ಗ ಅಷ್ಟಾಗಿ ಚುಚ್ಚುವುದಿಲ್ಲ. ತೋರುಬೆರಳು ಮಾತ್ರ ಹಗುರ ಇರಬೇಕು. ಸ್ವಲ್ಪ ಜೋರಾಗಿ ಒತ್ತಿದರೂ ಒಂದು ಪ ಏರಿ ಜೋಡಿ ಒಡೆಯುತ್ತದೆ. ತುಕ್ಕು ಹಿಡಿದ ಹಳೇ ತಂತಿ ಇದ್ದರಂತೂ ಇದರ ಗೋಜಿಗೇ ಹೋಗಬೇಡಿ.