ಹಾಡು ‘ಏರುವ’ ಜಾಗಕ್ಕೆ ಏನಂತ ಕರೆಯೋದು?

‘ಕ್ಲೈಮ್ಯಾಕ್ಸ್ ಇನ್ನೂ ಏರಬೇಕು’ ಅಂದರೆ ಅರೇಂಜರ್‌ಗೆ (ಹಾಡಿಗೆ ವಾದ್ಯ ಹೊಂದಿಸುವವರಿಗೆ) ಏನೂ ತಿಳಿಯುವುದಿಲ್ಲ. ಏರಬೇಕಾದ್ದು ಶ್ರುತಿಯೋ, ದನಿಯೋ, ತಾಳವೋ? ಅದಕ್ಕೇ ನಾನು ಕೆಲಸ ಶುರುಮಾಡುವ ಮುನ್ನ ಬಾರ್ (ಸಾಮಾನ್ಯವಾಗಿ ನಾಲ್ಕು ಬೀಟ್‌ನ ಒಂದು ಸುತ್ತು) ನಂಬರ್ ಹಾಕಿ, ಪಕ್ಕದಲ್ಲಿ ಒಂದೊಂದು ಹೆಸರು ಬರೆದಿಡುತ್ತೇನೆ.

ಹುಕ್ ಅಂದರೆ ಕಿವಿಗೆ ಅಂಟಿಕೊಳ್ಳುವ ತುಣುಕು, ಕೋರಸ್ ಅಂದರೆ ಮತ್ತೆ ಮತ್ತೆ ಬರುವ ಮುಖ್ಯ ಭಾಗ; ಎರಡೂ ಬೇರೆ. ಹುಕ್ ನಾಲ್ಕೇ ಸ್ವರದ ಗಿಟಾರ್ ತುಣುಕಾದರೂ ಆದೀತು. ಕೋರಸ್ ಅನ್ನು ಪಲ್ಲವಿ ಅಂದುಬಿಡುವ ರೂಢಿ ನಮ್ಮಲ್ಲಿದೆ, ಅದು ಪೂರ್ತಿ ಸರಿಯಲ್ಲ. ನಮ್ಮ ಪಲ್ಲವಿ ಹಾಡಿನ ಬಾಗಿಲಲ್ಲೇ ನಿಂತಿರುತ್ತದೆ. ತಾರಸ್ಥಾಯಿಗೆ ಹೋಗುವುದು ಹೆಚ್ಚಾಗಿ ಚರಣ. ‘ಬ್ರಿಡ್ಜ್’ ಇನ್ನೂ ಗೊಂದಲದ ಪದ. ಕೆಲವರಿಗೆ ಅದು ಕೋರಸ್‌ಗೆ ಮುಂಚಿನ ಮೆಟ್ಟಿಲು, ಅಂದರೆ ಪ್ರೀ-ಕೋರಸ್. ಉಳಿದವರಿಗೆ ಎರಡನೇ ಕೋರಸ್ ಆದಮೇಲೆ ಬರುವ ಹೊಸ ಭಾಗ. ಬ್ರಿಟಿಷರು ಇದನ್ನೇ ಮಿಡ್ಲ್ ಏಟ್ ಅನ್ನುತ್ತಾರೆ.

ನನಗೆ ತುಂಬ ಉಪಯೋಗಕ್ಕೆ ಬಂದ ಪದ ಜಪಾನಿಯರದು. ಕೋರಸ್‌ಗೆ ಅವರು ‘ಸಾಬಿ’ ಅನ್ನುತ್ತಾರೆ. ಕೊನೆಯ ಕೋರಸ್‌ಗೆ ಮುಂಚೆ ವಾದ್ಯಗಳನ್ನೆಲ್ಲ ಇಳಿಸಿ ಹಾಡುವ ಕೋರಸ್‌ಗೆ ‘ಓಚಿ-ಸಾಬಿ’. ಎಂಟು ಬಾರ್ ಸಾಕು (ನಿಮಿಷಕ್ಕೆ 120 ಬೀಟ್ ವೇಗದಲ್ಲಿ 16 ಸೆಕೆಂಡ್). ಕಿಕ್ (ದೊಡ್ಡ ಡ್ರಮ್) ಮತ್ತು ಬಾಸ್ ಪೂರ್ತಿ ತೆಗೆಯಿರಿ, ಒಂದೇ ದನಿ ಮತ್ತು ಪಿಯಾನೊ ಉಳಿಸಿ, ರಿವರ್ಬ್ (ದನಿಯ ಹಿಂದಿನ ಅನುರಣನ) ಕಡಿಮೆಮಾಡಿ. ಹಿಂದೆ ಸಣ್ಣಗೆ ಪ್ಯಾಡ್ (ಉದ್ದಕ್ಕೆ ಎಳೆಯುವ ಸಿಂತ್ ನಾದ) ಇರಲಿ ಎಂಬ ಆಸೆಯೇ ಇದನ್ನು ಕೆಡಿಸುವುದು. ಇಳಿಯದೆ ಹೋದರೆ ಮುಂದಿನದು ಏರಿದಂತೆ ಕೇಳಿಸುವುದಿಲ್ಲ.

ಇನ್ನು ಕೀ ಚೇಂಜ್, ಅಂದರೆ ನಡುವೆ ಶ್ರುತಿ ಬದಲಿಸುವುದು. ಕೊನೆಯ ಕೋರಸ್ ಅನ್ನು ಅರ್ಧ ಅಥವಾ ಒಂದು ಸ್ವರ ಮೇಲೇರಿಸುವುದಕ್ಕೆ ಇಂಗ್ಲಿಷಿನವರು ‘ಟ್ರಕ್ ಡ್ರೈವರ್‌ನ ಗೇರ್ ಬದಲಾವಣೆ’ ಎಂದು ಹಂಗಿಸುತ್ತಾರೆ. ಹಂಗಿಸಲಿ, ಸರಿಯಾಗಿ ಮಾಡಿದರೆ ಇದು ಈಗಲೂ ಕೆಲಸ ಮಾಡುತ್ತದೆ. ಸಿ ಶ್ರುತಿಯಿಂದ ಡಿಗೆ ಹೋಗುವುದಾದರೆ ಹಿಂದಿನ ಬಾರ್‌ನ ಕೊನೆಯ ಎರಡು ಬೀಟ್‌ಗೆ ಡಿ ಕಡೆಗೆ ಎಳೆಯುವ ಎ ಸೆವೆಂತ್ ಕಾರ್ಡ್ ಇಡುತ್ತೇನೆ. ಶ್ರುತಿ ನಿಗದಿಮಾಡುವಾಗ ಗಾಯಕರಿಂದ ಮೊದಲು ಕೊನೆಯ ಕೋರಸ್ ಹಾಡಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕಹಾಕಬೇಕು. ಮೊದಲಿನಿಂದ ಶುರುಮಾಡಿದರೆ ಏರಿದಮೇಲೆ ದನಿ ಒಡೆಯುತ್ತದೆ. ಮೊದಲು ಹಾಡಿದ ರೆಕಾರ್ಡಿಂಗನ್ನೇ ಪಿಚ್ ಏರಿಸಿ ಅಂಟಿಸಬೇಡಿ. ದನಿಯ ಬಣ್ಣ ಬದಲಾಗುತ್ತದೆ.

ಹಿಡಿದು ನಿಲ್ಲಿಸುವ ಆ ಒಂದು ಮೇಲಿನ ಸ್ವರ ‘ಮನಿ ನೋಟ್’. ಅದು ‘ಆ’ಕಾರದ ಮೇಲೆ ಬೀಳಲಿ ಎಂದು ಸಾಹಿತ್ಯ ಬರೆಯುವವರಿಗೆ ಮುಂಚೆಯೇ ಹೇಳಿಬಿಡುತ್ತೇನೆ. ‘ಈ’, ‘ಊ’ ಬಂದರೆ ಎತ್ತರದಲ್ಲಿ ಗಂಟಲು ಹಿಡಿಯುತ್ತದೆ.

ಡ್ಯಾನ್ಸ್ ಹಾಡಿನ ಡ್ರಾಪ್‌ನಲ್ಲಿ (ಬೀಟ್ ಒಮ್ಮೆಲೇ ಅಪ್ಪಳಿಸುವ ಜಾಗ) ಶ್ರಮವೆಲ್ಲ ಅದರ ಹಿಂದಿನ ಬಿಲ್ಡ್-ಅಪ್‌ನದೇ (ಮೆಲ್ಲಗೆ ಬಿಗಿಯಾಗಿಸುವ ಭಾಗ). ಸ್ನೇರ್ ಡ್ರಮ್ಮಿನ ಪೆಟ್ಟು ನಾಲ್ಕು ಬಾರ್ ಬೀಟಿಗೊಂದು, ಎರಡು ಬಾರ್ ಬೀಟಿಗೆರಡು, ಕೊನೆಯ ಎರಡು ಬಾರ್ ಬೀಟಿಗೆ ನಾಲ್ಕು. ಜೊತೆಗೆ ಹೈ-ಪಾಸ್ ಫಿಲ್ಟರ್ (ತಗ್ಗಿನ ನಾದವನ್ನು ತೆಗೆಯುವುದು) ನಿಧಾನಕ್ಕೆ 300 ಹರ್ಟ್ಜ್‌ವರೆಗೆ, ಕಡೆಯ ಅರ್ಧ ಬಾರ್ ಮೌನ. ರಿವರ್ಬ್‌ನ ಬಾಲ ಆ ಮೌನವನ್ನು ನುಂಗಿಬಿಡುತ್ತದೆ, ಅದನ್ನು ಕೈಯಾರೆ ಕತ್ತರಿಸಿ.

ಇಷ್ಟೆಲ್ಲ ಮಾಡಿಯೂ ಕೋರಸ್ ಚಪ್ಪಟೆ ಅನ್ನಿಸಿದರೆ ಮಾಸ್ಟರ್ ಲಿಮಿಟರ್ (ಇಡೀ ಹಾಡಿನ ದನಿ ಒಂದು ಮಿತಿ ಮೀರದಂತೆ ತಡೆಯುವ ಸಾಧನ) ನೋಡಿ. ಅದು ಚರಣವನ್ನೂ ಕೋರಸ್ಸನ್ನೂ ಒಂದೇ ಮಟ್ಟಕ್ಕೆ ಒತ್ತಿರುತ್ತದೆ. ನಾನು ಲಿಮಿಟರ್‌ಗೆ ಮುಂಚೆಯೇ ಚರಣವನ್ನು ಒಂದರಿಂದ ಒಂದೂವರೆ ಡೆಸಿಬೆಲ್ ಇಳಿಸಿಡುತ್ತೇನೆ.