ಗ್ರೀಕ್ ಬೈಬಲ್‌ನಲ್ಲಿ ‘ಶುದ್ಧ’ ಅಂದ್ರೆ ಎಂತ? ಮೊಬೈಲಲ್ಲೇ ಹುಡುಕುವ ಕ್ರಮ

ಗ್ರೀಕ್ ಬರ್ಬೇಕು ಅಂತ ಏನಿಲ್ಲ, ಸ್ಟ್ರಾಂಗ್ಸ್ ನಂಬರ್ (ಮೂಲ ಭಾಷೆಯ ಒಂದೊಂದು ಪದಕ್ಕೂ ಕೊಟ್ಟ ಸಂಖ್ಯೆ) ತೋರಿಸುವ ಒಂದು ಬೈಬಲ್ ಆಪ್, ಒಂದು ನೋಟ್‌ಬುಕ್, ಅರ್ಧ ಗಂಟೆ ಸಾಕು. ನಾನಂತೂ ಕುಂಬಳೆಯಿಂದ ಕಾಸರಗೋಡಿಗೆ ಹೋಗುವ ಬಸ್ಸಲ್ಲೇ ಕೂತು ಮಾಡುದು, ಸೀಟು ಸಿಕ್ಕಿದ್ರೆ.

ಶುರು ಮಾಡುವ ಮೊದ್ಲು ಆ ಮೇಣದ ಕಥೆ ತಲೆಯಿಂದ ತೆಗ್ದುಬಿಡಿ. ಬಿರುಕು ಬಿಟ್ಟ ಮೂರ್ತಿಗೆ ಮೇಣ ತುಂಬಿಸಿ ಮಾರ್ತಿದ್ರು, ಮೇಣ ಇಲ್ಲದ್ದೇ ‘ಸಿನ್ಸಿಯರ್’ (ಇಂಗ್ಲಿಷ್ ಬೈಬಲಲ್ಲಿ ಈ ‘ಶುದ್ಧ’ಕ್ಕೆ ಹಾಕುವ ಪದ) ಅಂತ ಚರ್ಚಿನ ಪ್ರಸಂಗದಲ್ಲಿ ಹೇಳ್ತಾರಲ್ವಾ, ಅದು ಲ್ಯಾಟಿನ್ ಪದಕ್ಕೆ ಕಟ್ಟಿದ ಕಥೆ, ಗ್ರೀಕಿಗೂ ಅದಕ್ಕೂ ಸಂಬಂಧವೇ ಇಲ್ಲ ಮಾರಾಯ್ರೆ.

ಈಗ ಫಿಲಿಪ್ಪಿ 1:10 ತೆಗೀರಿ, ‘ಶುದ್ಧ’ ಅನ್ನುವ ಅರ್ಥದ ಪದದ ಮೇಲೆ ಒತ್ತಿದ್ರೆ 1506 ಬರ್ತದೆ, ಎಯ್ಲಿಕ್ರಿನೇಸ್. (ಈಗಿನ ಗ್ರೀಕರು ‘ಇಲಿಕ್ರಿನಿಸ್’ ಅಂತಾರೆ, ಉಚ್ಚಾರಕ್ಕೆ ತಲೆ ಕೆಡಿಸ್ಬೇಡಿ.) ಅದೇ ಪದ 2 ಪೇತ್ರ 3:1ರಲ್ಲಿ ಉಂಟು. ಅದರ ನಾಮಪದ 1505, ಅದು 1 ಕೊರಿಂಥ 5:8, 2 ಕೊರಿಂಥ 1:12, ಮತ್ತೆ 2:17. ಒಟ್ಟು ಐದೇ ವಚನ, ಐದನ್ನೂ ಕೈಯಲ್ಲೇ ಬರೀರಿ, ಕಾಪಿ ಪೇಸ್ಟ್ ಬೇಡ, ಯಾಕಂದ್ರೆ ಬರೀವಾಗಲೇ ಪಕ್ಕದ ಪದ ಕಣ್ಣಿಗೆ ಬೀಳುದು.

ಆ ಪಕ್ಕದ ಪದದಲ್ಲೇ ಎಲ್ಲ ಇರುದು. 2 ಕೊರಿಂಥ 2:17ರಲ್ಲಿ ಪೌಲ ‘ನಾವು ದೇವರ ವಾಕ್ಯವನ್ನು ಕಪೇಲೆವೊಂಟೆಸ್ ಅಲ್ಲ’ ಅಂತಾನೆ. ಅದು ಕಪೇಲೋಸ್‌ನಿಂದ ಬಂದದ್ದು, ಅಂದ್ರೆ ಚಿಲ್ಲರೆ ವ್ಯಾಪಾರಿ. ಯೆಶಾಯ 1:22ರ ಹಳೆ ಗ್ರೀಕ್ ಅನುವಾದದಲ್ಲಿ ದ್ರಾಕ್ಷಾರಸಕ್ಕೆ ನೀರು ಬೆರೆಸುವವರು ಇದೇ ಕಪೇಲೋಸ್‌ಗಳು. ನಮ್ಮ ಕಡೆ ಅಂಗಡಿಯ ತೆಂಗಿನೆಣ್ಣೆ ಮೇಲೆ ಡೌಟು ಬಂದ್ರೆ ಗ್ಲಾಸಲ್ಲಿ ಹಾಕಿ ಫ್ರಿಜ್ಜಲ್ಲಿ ಇಡ್ತೇವಲ್ಲ, ಬೇರೆ ಎಣ್ಣೆ ಬೆರೆಸಿದ್ರೆ ಪದರ ಬೇರೆ ಕಾಣ್ತದೆ ಅಂತ, ಹಾಗೆ ನೋಡಿದ್ರೂ ಒಂದೇ ಪದರ ಇರುದು ಎಯ್ಲಿಕ್ರಿನೇಸ್. 1 ಕೊರಿಂಥ 5:8ರಲ್ಲಿ ಪಕ್ಕದಲ್ಲಿರುದು ಹುಳಿಯಿಲ್ಲದ ರೊಟ್ಟಿ. ದೋಸೆ ಹಿಟ್ಟಿಗೆ ನಿನ್ನೆಯ ಹಿಟ್ಟು ಒಂದು ಸೌಟು ಬಿದ್ರೆ ಪಾತ್ರೆ ಪೂರ್ತಿ ಹುಳಿ, ಅದು ಬೀಳದ್ದು ಅಂತ ಲೆಕ್ಕ. ಪ್ಲೇಟೋ ಕೂಡ ತನ್ನ ‘ಫೇಡೋ’ ಪುಸ್ತಕದಲ್ಲಿ ಇಂದ್ರಿಯಗಳ ಬೆರಕೆ ಇಲ್ಲದ ಯೋಚನೆಗೆ ಇದೇ ಪದ ಹಾಕಿದ್ದಾನೆ.

ಪದ ಒಡೆದು ನೋಡುದು ಕೊನೆಗೆ. ‘ಬಿಸಿಲು’ ಪ್ಲಸ್ ‘ಪರೀಕ್ಷೆ ಮಾಡು’ ಅಂತ ಒಡೀತಾರೆ, ಅತ್ತೆ ಸೀರೆಯನ್ನ ಟ್ಯೂಬ್‌ಲೈಟಿನಿಂದ ಅಂಗಡಿ ಬಾಗಿಲ ಬಿಸಿಲಿಗೆ ತಂದು ಹಿಡಿದು ನೋಡಿದ ಹಾಗೆ. ಚಂದ ಉಂಟು, ಆದ್ರೆ ಮೊದಲರ್ಧದ ಬಗ್ಗೆ ಪಂಡಿತರಲ್ಲೇ ಒಮ್ಮತ ಇಲ್ಲ, ಹಾಗಾಗಿ ಇದ್ರ ಮೇಲೆ ಅರ್ಥ ಕಟ್ಬೇಡಿ.

ಉಳಿದ ಪದಗಳಿಗೂ ಇದೇ ಕ್ರಮ. ಕಥರೋಸ್, 2513: ಮತ್ತಾಯ 5:8ರ ನಿರ್ಮಲ ಹೃದಯಕ್ಕೂ 27:59ರಲ್ಲಿ ಯೇಸುವಿನ ದೇಹಕ್ಕೆ ಸುತ್ತಿದ ಬಟ್ಟೆಗೂ ಇದೇ. ಅನುಪೋಕ್ರಿಟೋಸ್, 505, ರೋಮ 12:9ರ ಪ್ರೀತಿಗೆ; ಹುಪೋಕ್ರಿಟೇಸ್ ಅಂದ್ರೆ ನಾಟಕದ ನಟ, ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವ್ರಿಗೆ ‘ವೇಷ ಹಾಕದ ಪ್ರೀತಿ’ ಅಂದ್ರೆ ಬೇರೆ ವಿವರಣೆ ಬೇಡ.

ನನ್ನ ನೋಟ್‌ಬುಕ್ಕಲ್ಲಿ ಕಥರೋಸ್ ಎದುರು ‘ಕೊಳೆ ಇಲ್ಲದ್ದು’, ಎಯ್ಲಿಕ್ರಿನೇಸ್ ಎದುರು ‘ಬೆರಕೆ ಇಲ್ಲದ್ದು’ ಅಂತ ಉಂಟು. ಹಗ್ನೋಸ್ ಅಂತ ‘ಶುದ್ಧ’ಕ್ಕೆ ಇನ್ನೊಂದು ಪದ ಉಂಟು, ಅದರ ಎದುರು ‘ಮಡಿ’ ಬರ್ದಿದ್ದೆ, ಯೋಹಾನ 11:55ರಲ್ಲಿ ಯೆಹೂದ್ಯರ ಪಸ್ಕ ಹಬ್ಬಕ್ಕೆ ಮೊದ್ಲು ಜನ ಶುದ್ಧಿ ಮಾಡ್ಕೊಳ್ಳುದಕ್ಕೆ ಅದೇ ಕುಟುಂಬದ ಕ್ರಿಯಾಪದ, ಸರಿಯಾಗಿ ಕೂತಿತ್ತು. 1 ಯೋಹಾನ 3:3ಕ್ಕೆ ಬಂದಾಗ ಆ ಪದ ಕ್ರಿಸ್ತನಿಗೇ ಹಾಕಿದ್ದು, ‘ಮಡಿ’ ಅಲ್ಲಿ ಕೂರ್ಲೇ ಇಲ್ಲ, ಅಳಿಸಿದೆ, ಆ ಜಾಗ ಈಗ್ಲೂ ಖಾಲಿ.